ಅಲ್ಪವೆಚ್ಚದ ಗ್ರಾಫಿಕ್ಸ್ ಕಾರ್ಡು ಮತ್ತು ಅದರ ಕೂಲರ್: ಆಯ್ಕೆಯ ವಿಚಾರ

ಕಂಪ್ಯೂಟರಿನ ಪರದೆಯ ಮೇಲೆ ಚಿತ್ರವನ್ನು ಮೂಡಿಸುವ ಕಾರ್ಯಕ್ಕೆಂದೇ ಮೀಸಲಾದ ಸಾಧನವನ್ನು ಗ್ರಾಫಿಕ್ಸ್ ಕಾರ್ಡು ಎನ್ನುತ್ತಾರೆ. ಕಚೇರಿಗಳಲ್ಲಿ ಬಳಸಿ ಬಿಟ್ಟ ಕಂಪ್ಯೂಟರುಗಳು ಶಾಲೆಗಳಿಗೆ ದಾನವಾಗಿ ಬರುವುದುಂಟು. ಅವುಗಳಿಗೆ ಇಂಥದೊಂದು ಕಾರ್ಡನ್ನು ಜೋಡಿಸಿ, ಮೂರು ಆಯಾಮದ ಚಿತ್ರರಚನೆಯನ್ನೋ ವಿಡಿಯೋ ಸಂಕಲನವನ್ನೋ ಕಲಿಸಬೇಕೆಂಬ ಆಸೆ ಅಧ್ಯಾಪಕರಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ಆದರೆ ಹೆಸರನ್ನೂ ಬೆಲೆಯನ್ನೂ ಮಾತ್ರ ನೋಡಿ ಕೊಂಡ ಕಾರ್ಡು ಕ್ಯಾಬಿನೆಟ್ಟಿನೊಳಗೆ ಹಿಡಿಸದೆ, ಇಲ್ಲವೆ ಅತಿಯಾಗಿ ಕಾದು, ದಾನಿಯ ಹಣ ವ್ಯರ್ಥವಾಗುವ ಸಂಭವವುಂಟು. ಆದ್ದರಿಂದ ಆಯ್ಕೆಯ ಕ್ರಮವನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯ ಪ್ರಶ್ನೆ ಅವಶ್ಯಕತೆಯದು. ಬೆರಳಚ್ಚು, ಲೆಕ್ಕಪತ್ರ, ಪಾಠದ ವಿಡಿಯೋ ವೀಕ್ಷಣೆ ಇವುಗಳಿಗೆ ಪ್ರೊಸೆಸರಿನಲ್ಲಿಯೇ ಅಡಕವಾಗಿರುವ ಗ್ರಾಫಿಕ್ಸ್ ವಿಭಾಗವು ಧಾರಾಳವಾಗಿ ಸಾಕು. ಕೆಲಸ ಭಾರವಾದುದಾದರೆ, ಅಥವಾ ಇಂಟೆಲ್ ಸಂಸ್ಥೆಯ ‘ಎಫ್’ ಅಕ್ಷರದಿಂದ ಕೊನೆಗೊಳ್ಳುವ ಪ್ರೊಸೆಸರುಗಳಂತೆ ಆ ವಿಭಾಗವೇ ಇಲ್ಲದಿದ್ದರೆ ಮಾತ್ರ ಬೇರೆ ಕಾರ್ಡು ಬೇಕಾಗುತ್ತದೆ.

ಎರಡನೆಯದು ವಿದ್ಯುತ್ತು. ಮದರ್‌ಬೋರ್ಡಿನಲ್ಲಿ ಕಾರ್ಡನ್ನು ಕೂರಿಸುವ ಉದ್ದನೆಯ ಸ್ಲಾಟಿನ ಮೂಲಕ ಹೆಚ್ಚೆಂದರೆ 75 ವ್ಯಾಟ್ ದೊರೆಯುತ್ತದೆ. ಅದಕ್ಕೂ ಹೆಚ್ಚು ಬೇಡುವ ಕಾರ್ಡಿಗೆ ಪವರ್ ಸಪ್ಲೈಯಿಂದ ಪ್ರತ್ಯೇಕ ತಂತಿ ಬರಬೇಕು. ಕಚೇರಿಯ ಚಿಕ್ಕ ಯಂತ್ರಗಳಲ್ಲಿ ಅನೇಕ ವೇಳೆ ಅದು ಇರುವುದೇ ಇಲ್ಲ. ಕೆಲವು ಯಂತ್ರಗಳ ಸ್ಲಾಟು 75 ವ್ಯಾಟನ್ನೂ ಕೊಡಲಾರದು. ಆದುದರಿಂದ ಯಂತ್ರದ ಕೈಪಿಡಿಯನ್ನು ಮೊದಲು ನೋಡತಕ್ಕದ್ದು.

ಮೂರನೆಯದಾಗಿ, ಹೆಸರು ಒಂದೇ ಆದ ಮಾತ್ರಕ್ಕೆ ವಸ್ತುವೂ ಒಂದೇ ಎಂದು ಭಾವಿಸಬಾರದು. ಎನ್‌ವಿಡಿಯಾ ಸಂಸ್ಥೆಯ ಜಿ.ಟಿ. 1030 ಕಾರ್ಡು 2017ರಲ್ಲಿ ಜಿಡಿಡಿಆರ್5 ಮೆಮೊರಿಯೊಂದಿಗೆ ಹೊರಬಂದಿತು. 2018ರಲ್ಲಿ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡೂ ಬಂದಿತು. ಮೊದಲನೆಯದರ ಮೆಮೊರಿ ಸೆಕೆಂಡಿಗೆ ಸುಮಾರು 48 ಗಿಗಾಬೈಟ್ ಸಾಗಿಸಿದರೆ, ಎರಡನೆಯದು ಸುಮಾರು 17 ಗಿಗಾಬೈಟ್ ಮಾತ್ರ ಸಾಗಿಸುತ್ತದೆ. ಅಂತೆಯೇ 2022ರಲ್ಲಿ ಬಂದ 8 ಗಿಗಾಬೈಟಿನ ಆರ್.ಟಿ.ಎಕ್ಸ್. 3050 ಕಾರ್ಡು 130 ವ್ಯಾಟ್ ಬೇಡುತ್ತದೆ. 2024ರ 6 ಗಿಗಾಬೈಟಿನದು ವೇಗದಲ್ಲಿ ಹಿಂದಾದರೂ 70 ವ್ಯಾಟಿನಲ್ಲಿ ನಡೆಯುತ್ತದೆ. ಪ್ರತ್ಯೇಕ ತಂತಿಯಿಲ್ಲದ ಯಂತ್ರಕ್ಕೆ ಈ ಎರಡನೆಯದೇ ಲೇಸು. ಎ.ಎಂ.ಡಿ. ಸಂಸ್ಥೆಯ ಆರ್.ಎಕ್ಸ್. 6400 ಕಾರ್ಡಿಗೆ 53 ವ್ಯಾಟ್ ಸಾಕು. ಆದರೆ ವಿಡಿಯೋವನ್ನು ಸಂಕುಚಿತಗೊಳಿಸಿ ಬರೆಯುವ ಅಂಗ ಅದರಲ್ಲಿಲ್ಲವಾದ್ದರಿಂದ ಸಂಕಲನದ ಪಾಠಕ್ಕೆ ಅದು ಅಷ್ಟಾಗಿ ಒದಗದು.

ಇನ್ನು ಕೂಲರಿನ ವಿಷಯ. ಕಾರ್ಡು ಬಳಸುವ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗುತ್ತದೆ. ಅದನ್ನು ಸಾಗಿಸುವ ರೀತಿಯಲ್ಲಿ ಮೂರು ಬಗೆಗಳುಂಟು. ಫ್ಯಾನಿಲ್ಲದ ಬಗೆಯಲ್ಲಿ ಅಲ್ಯೂಮಿನಿಯಂ ಪಟ್ಟಿಗಳ ಸಾಲು ಮಾತ್ರ ಇದ್ದು ಸದ್ದೇ ಇರುವುದಿಲ್ಲ. 30 ವ್ಯಾಟಿನ ಜಿ.ಟಿ. 1030ರಂಥವುಗಳಿಗೆ ಇದು ಹೊಂದುತ್ತದೆ. ತೆರೆದ ಬಗೆಯಲ್ಲಿ ಒಂದೆರಡು ಫ್ಯಾನುಗಳು ಪಟ್ಟಿಗಳ ಮೇಲೆ ಗಾಳಿ ಬೀಸುತ್ತವೆ. ಬಿಸಿಗಾಳಿಯು ಬಹುಪಾಲು ಕ್ಯಾಬಿನೆಟ್ಟಿನೊಳಗೇ ಹರಡುವುದರಿಂದ ಅದನ್ನು ಹೊರದೂಡಲು ಕ್ಯಾಬಿನೆಟ್ಟಿಗೂ ಫ್ಯಾನು ಬೇಕು. ಬ್ಲೋಯರ್ ಬಗೆಯಲ್ಲಿ ಒಂದೇ ಚಕ್ರವು ಗಾಳಿಯನ್ನು ಪಟ್ಟಿಗಳ ಉದ್ದಕ್ಕೂ ನೂಕಿ, ಹಿಂಬದಿಯ ಕಿಂಡಿಯಿಂದ ನೇರವಾಗಿ ಹೊರಹಾಕುತ್ತದೆ. ಇಕ್ಕಟ್ಟಾದ ಕ್ಯಾಬಿನೆಟ್ಟಿಗೆ ಇದು ಅನುಕೂಲ, ಸದ್ದು ಮಾತ್ರ ಅಧಿಕ. 2003ರ ಜಿಫೋರ್ಸ್ ಎಫ್.ಎಕ್ಸ್. 5800 ಅಲ್ಟ್ರಾ ಕಾರ್ಡಿನ ಗದ್ದಲ ಎಷ್ಟಿತ್ತೆಂದರೆ, ತಯಾರಕರೇ ಅದನ್ನು ಹಾಸ್ಯಮಾಡಿ ಕಿರುಚಿತ್ರವೊಂದನ್ನು ಹೊರತಂದರು. ಅಲ್ಪಬೆಲೆಯ ಕಾರ್ಡುಗಳಲ್ಲಿ ಬ್ಲೋಯರ್ ಈಗ ವಿರಳವಾಗಿದೆ.

ಈ ಮೂರರಲ್ಲಿ ಯಾವುದೇ ಆಗಲಿ, ಚಿಪ್ಪನ್ನು ಕೋಣೆಯ ಗಾಳಿಗಿಂತ ತಂಪಾಗಿ ಇಡಲಾರದು. 25 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿಗೆ ನಿಲ್ಲುವ ಚಿಪ್ಪು, ಫ್ಯಾನಿನ ವೇಗ ಬದಲಾಗದಿದ್ದರೆ, ರಾಯಚೂರು ಕಲಬುರಗಿಗಳ 40 ಡಿಗ್ರಿಯ ಬೇಸಿಗೆಯಲ್ಲಿ ಸುಮಾರು 85ಕ್ಕೆ ಏರುತ್ತದೆ. ಮಿತಿ ಮೀರಿದಾಗ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಸೀಮೆಸುಣ್ಣದ ಪುಡಿಯೂ ಧೂಳೂ ಪಟ್ಟಿಗಳ ನಡುವೆ ಸೇರಿ ಗಾಳಿಯ ದಾರಿಯನ್ನು ಕಟ್ಟುತ್ತವೆ. ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ತಂತಿಯನ್ನು ಕಳಚಿ, ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದು, ಮೃದುವಾದ ಕುಂಚದಿಂದ ಧೂಳು ತೆಗೆಯುವುದನ್ನು ವಿದ್ಯಾರ್ಥಿಗಳಿಗೂ ಕಲಿಸಬಹುದು.

ಅಂಗಡಿಗೆ ಹೋಗುವ ಮುನ್ನ ಕ್ಯಾಬಿನೆಟ್ಟನ್ನು ತೆರೆದು, ಒಳಗಿನ ಉದ್ದ ಎತ್ತರಗಳನ್ನು ಅಳೆದು, ಫ್ಯಾನುಗಳನ್ನು ಎಣಿಸಿ, ಪವರ್ ಸಪ್ಲೈಯ ಮೇಲಿನ ಅಂಕಿಗಳನ್ನು ಬರೆದುಕೊಳ್ಳುವುದು ವಿವೇಕ. ತೆಳ್ಳನೆಯ ಕ್ಯಾಬಿನೆಟ್ಟಿಗೆ ಗಿಡ್ಡ ಕಾರ್ಡೇ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಹಣಕ್ಕೂ ಕ್ಯಾಬಿನೆಟ್ಟಿಗೂ ಸಮನಾಗಿ ಸಲ್ಲುತ್ತದೆ. ಕೊಡುವವರು ಕೊಡುವ ಮುನ್ನ ಈ ಅಳತೆಗಳನ್ನು ಕೇಳಿ, ಪಡೆಯುವವರು ಅವನ್ನು ಬರೆದುಕೊಟ್ಟರೆ, ಕೊಟ್ಟ ವಸ್ತುವು ಮೂಲೆಯ ಕಪಾಟನ್ನು ಸೇರದೆ ಮಕ್ಕಳ ಕಲಿಕೆಗೆ ಒದಗುವುದು.