ತರಗತಿಯ ತೆರೆಯೂ ಕನ್ನಡದ ಮಾತೂ

ಪಾಠ ಹೇಳುವ ಕಾರ್ಯದಲ್ಲಿ ಯಂತ್ರದ ನೆರವನ್ನು ಪಡೆಯುವುದು ತೀರ ಈಚಿನ ವಿಚಾರವೆಂದು ಅನೇಕರು ಭಾವಿಸಿರುವರು. ಬಹು ದೊಡ್ಡ ಪ್ರಮಾಣದಲ್ಲಿ ಅಂಥ ಪ್ರಯತ್ನ ನಡೆದು ಸುಮಾರು ಐವತ್ತು ವರ್ಷಗಳು ಸಂದಿವೆ. ಅದರ ನೆಲೆ ನಮ್ಮ ಅಹಮದಾಬಾದು. ಅದರ ಭಾಷೆಗಳಲ್ಲೊಂದು ಕನ್ನಡ. ಇಲ್ಲಿಯ ಕನ್ನಡಿಗರೇ ಇದನ್ನು ಮರೆತಂತಿದೆ.

1975ನೆಯ ಆಗಸ್ಟ್ 1ರಿಂದ 1976ರ ಜುಲೈ 31ರ ವರೆಗೆ, ಅಮೆರಿಕದಿಂದ ಎರವಲಾಗಿ ದೊರೆತ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳನ್ನು ಕಳುಹಿಸಲಾಯಿತು. ‘ಸೈಟ್’ ಎಂಬುದು ಆ ಪ್ರಯೋಗದ ಹೆಸರು. ಅಹಮದಾಬಾದಿನ ಭೂಕೇಂದ್ರದಿಂದ ಮೇಲೇರಿದ ಅಲೆಗಳು ರಾಯಚೂರು ಮತ್ತು ಅಂದಿನ ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ, ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಬೋಗುಣಿಯಂಥ ಆಂಟೆನಾಕ್ಕೆ ಬಂದಿಳಿಯುತ್ತಿದ್ದವು. ಬೆಳಗಿನಲ್ಲಿ ಶಾಲೆಯ ಮಕ್ಕಳಿಗೆ ಪ್ರತಿಯೊಂದು ಭಾಷೆಯಲ್ಲಿಯೂ 22½ ನಿಮಿಷ ಮಾತ್ರ ಮೀಸಲು. ಇಡೀ ಪಿರಿಯಡ್ಡನ್ನು ತೆರೆಗೆ ಒಪ್ಪಿಸಿಬಿಡುವ ನಾವು ಈ ಅಳತೆಯನ್ನು ಗಮನಿಸುವುದು ಒಳ್ಳೆಯದು.

ಉಪಾಧ್ಯಾಯರನ್ನೂ ಆಗ ಕಡೆಗಣಿಸಲಿಲ್ಲ. ಸುಮಾರು 50 ಸಾವಿರ ಪ್ರಾಥಮಿಕ ಉಪಾಧ್ಯಾಯರಿಗೆ ಹನ್ನೆರಡು ದಿನಗಳ ವಿಜ್ಞಾನ ತರಬೇತಿ ದೊರೆಯಿತು. ದೂರದರ್ಶನದ ಜೊತೆಗೆ ರೇಡಿಯೋ, ಅಚ್ಚಾದ ಪಾಠ, ಕೈಯಾರೆ ಮಾಡುವ ಪ್ರಯೋಗ ಎಲ್ಲವೂ ಅದರಲ್ಲಿದ್ದವು. ಮಕ್ಕಳ ಮೇಲಾದ ಪರಿಣಾಮವನ್ನು ಪರೀಕ್ಷಿಸಿದವರಿಗೆ ಶಾಲೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಲಾಭ ಕಂಡುಬಂದದ್ದು ಭಾಷೆಯ ಬೆಳವಣಿಗೆಯಲ್ಲಿ.

ನಮಗೆ ಬೇಕಾದುದೂ ಅದೇ. ನಮ್ಮ ಮಕ್ಕಳಿಗೆ ಬೀದಿಯಲ್ಲಿ ಗುಜರಾತಿ, ಮೊಬೈಲಿನಲ್ಲಿ ಹಿಂದಿ. ಕನ್ನಡ ಉಳಿದಿರುವುದು ಅಡುಗೆಮನೆಯಲ್ಲಿ ಮತ್ತು ತರಗತಿಯಲ್ಲಿ. ಅನ್ಯಭಾಷೆಯ ಚಿತ್ರಗಳನ್ನು ಇದ್ದಂತೆಯೇ ತೋರಿಸುತ್ತ ಹೋದರೆ ತರಗತಿಯನ್ನೂ ಕಳೆದುಕೊಂಡಂತಾಗುವುದು.

ಸೈಟಿನಲ್ಲಿ ಒಂದೇ ಚಿತ್ರದೊಡನೆ ಎರಡು ಧ್ವನಿವಾಹಿನಿಗಳನ್ನು ಕಳುಹಿಸುವ ಏರ್ಪಾಡಿತ್ತು. ಒಂದು ಚಿತ್ರ ಎರಡು ಭಾಷೆಗಳಲ್ಲಿ ಮಾತನಾಡಬಲ್ಲದಾಗಿತ್ತು. ನಮ್ಮಲ್ಲಿ ಎರಡನೆಯ ವಾಹಿನಿ ಮಕ್ಕಳ ಕಂಠವೇ ಆಗಬಹುದು. ಹತ್ತಿಯಿಂದ ಬಟ್ಟೆಯಾಗುವ ಬಗೆಯನ್ನು ತೋರಿಸುವ ಚಿತ್ರವಿದೆಯೆನ್ನಿ. ಮೊದಲು ಧ್ವನಿಯನ್ನು ಅಡಗಿಸಿ ನಾಲ್ಕೈದು ನಿಮಿಷ ತೋರಿಸಬೇಕು. ಬಳಿಕ ನಿಲ್ಲಿಸಿ, ಕಂಡುದೇನೆಂದು ಕೇಳಬೇಕು. ಒಬ್ಬನು ‘ಕಪಾಸ್’ ಎನ್ನುವನು. ಸೂರತ್ತಿನ ಮಗ್ಗಗಳ ನಡುವೆ ಬೆಳೆದು ಬಂದ ಹುಡುಗಿ ‘ತಾಣೋ-ವಾಣೋ’ ಎನ್ನುವಳು. ಅವಳನ್ನು ತಿದ್ದಕೂಡದು, ಆ ವಸ್ತುವಿನ ಪರಿಚಯ ಅವಳಿಗೆ ಉಪಾಧ್ಯಾಯರಿಗಿಂತ ಚೆನ್ನಾಗಿರುತ್ತದೆ! ಅವಳ ಮಾತಿನ ಪಕ್ಕದಲ್ಲಿ ‘ಹಾಸು-ಹೊಕ್ಕು’ ಎಂದು ಬರೆದರೆ ಸಾಕು. ಪುಸ್ತಕದಲ್ಲಿ ಓದಿದ ‘ಹಾಸುಹೊಕ್ಕು’ ಎಂಬ ನುಡಿ ಎಲ್ಲಿಂದ ಬಂತೆಂಬುದು ಆಗ ತಾನಾಗಿ ತಿಳಿಯುವುದು. ಹಿಂಜುವುದು, ನೂಲು, ಲಾಳಿ ಎಂಬ ಮಾತುಗಳೂ ಹೀಗೆಯೇ ಒಂದೊಂದಾಗಿ ಹಲಗೆಗೆ ಬರಬೇಕು.

ಎರಡನೆಯ ಸಲ ಅದೇ ಚಿತ್ರ ಓಡುವಾಗ ಮಕ್ಕಳು ಸರದಿಯಂತೆ ಕನ್ನಡದಲ್ಲಿ ವಿವರಿಸಲಿ. ತಡವರಿಸಿದರೆ ಚಿತ್ರವನ್ನು ತಡೆಯಬೇಕೇ ಹೊರತು ಮಗುವನ್ನಲ್ಲ. ಕೊನೆಗೆ ಹತ್ತು ನಿಮಿಷ ಯಂತ್ರವನ್ನು ಆರಿಸಿ, ಪ್ರತಿಯೊಬ್ಬರ ಕೈಗೂ ಚಿಟಿಕೆ ಅರಳೆಯನ್ನು ಕೊಟ್ಟು ಎಳೆ ಹೊಸೆಯಿಸಬೇಕು. ವಿದ್ಯುತ್ತು ಹೋದ ದಿನವೂ ಇಷ್ಟು ಪಾಠ ನಡೆದೇ ನಡೆಯುವುದು.

ಇದೇ ಮಾತುಗಳನ್ನು ಮನೆಯಲ್ಲಿ ಅಜ್ಜಿಯರನ್ನು ಕೇಳಿ ಬರಲು ಹೇಳಬೇಕು. ಬೆಳಗಾವಿಯ ಕಡೆಯ ಅಜ್ಜಿಯ ಮಾತು ಒಂದು ಬಗೆಯಾದರೆ ಮಂಗಳೂರಿನ ಕಡೆಯವರದು ಮತ್ತೊಂದು ಬಗೆಯಾದೀತು. ಮರುದಿನ ಎರಡನ್ನೂ ಹಲಗೆಯ ಮೇಲೆ ಬರೆಯಿಸಿ ಪಾಠವನ್ನು ಮುಂದುವರಿಸಬಹುದು.