ಹಿತ್ತಿಲಲ್ಲಿ ಸ್ವಲ್ಪ ಕಸ ಇರಲಿ ಬಿಡು

ಹೊಸ ಮನೆಯ ಹಿತ್ತಿಲಿಗೆ ಹಕ್ಕಿಗಳು ಬರಲಿ ಅಂತ ಅಂಗಡಿಯಿಂದ ಕಾಳಿನ ಡಬ್ಬಿ ತಂದು ತೂಗುಹಾಕಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಆಸೆ ಒಳ್ಳೆಯದೇ. ಆದರೆ ಸೋದರಮಾವ ಅನ್ನೋ ಸಲುಗೆಯಲ್ಲಿ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ. ಮೈಸೂರಿನಂಥ ಊರಲ್ಲಿ ಕಾಳು ಚೆಲ್ಲಿದರೆ ಮೊದಲು ಬರೋದು ಪಾರಿವಾಳ, ಅದರ ಹಿಂದೆಯೇ ಇಲಿ. ನೀನು ಕಾಯುತ್ತಿರುವ ಸೂರಕ್ಕಿ, ಟುವ್ವಿ ಹಕ್ಕಿ, ಮಡಿವಾಳ ಹಕ್ಕಿಗಳಿಗೆ ಕಾಳು ಬೇಕಾಗಿಲ್ಲ.

ಅವಕ್ಕೆ ಬೇಕಾದದ್ದು ಹುಳ. ದಾಸವಾಳದ ಮಕರಂದ ಹೀರುವ ಸೂರಕ್ಕಿ ಕೂಡ ಮರಿಗಳ ಬಾಯಿಗೆ ಇಡೋದು ಜೇಡ, ಸಣ್ಣಪುಟ್ಟ ಕೀಟ. ಕಾಳು ತಿನ್ನುವ ಗುಬ್ಬಚ್ಚಿಯೂ ಎಳೆ ಮರಿಗೆ ಹುಳವನ್ನೇ ಹುಡುಕಿ ತರುತ್ತದೆ. ಹಾಗಾಗಿ ನಿಂಬೆ ಎಲೆ ತೂತು ಬಿತ್ತು ಅಂತ ಔಷಧಿ ಹೊಡೆಸಬೇಡ. ಆ ಹಸಿರು ಹುಳಗಳಲ್ಲಿ ಕೆಲವು ಚಿಟ್ಟೆಯಾಗುತ್ತವೆ, ಉಳಿದವು ಯಾರದೋ ಮಕ್ಕಳ ಊಟ. ಉದುರಿದ ಎಲೆಯನ್ನು ದಿನಾ ಗುಡಿಸಿ ಬೆಂಕಿ ಹಾಕೋದನ್ನೂ ನಿಲ್ಲಿಸು. ಒಂದು ಮೂಲೆಯಲ್ಲಿ ತರಗು ಬಿದ್ದಿದ್ದರೆ ಹರಟೆಮಲ್ಲಗಳ ಗುಂಪು ಬಂದು, ಒಂದರ ಮೇಲೊಂದು ಕೂಗಾಡುತ್ತ ಅದನ್ನೆಲ್ಲ ಮಗುಚಿ ಹಾಕುತ್ತದೆ. ಅಕ್ಕಪಕ್ಕದವರು ಗಲೀಜು ಅಂದರೆ ಅಂದುಕೊಳ್ಳಲಿ.

ಜೇಡರ ಬಲೆಯನ್ನೂ ಪೂರ್ತಿ ತೆಗೆಯಬೇಡ. ಸೂರಕ್ಕಿ ತನ್ನ ಜೋತಾಡುವ ಗೂಡನ್ನು ಅಂಟಿಸೋದೇ ಅದರಿಂದ. ಟುವ್ವಿ ಹಕ್ಕಿಯ ಹೊಲಿಗೆಯನ್ನಂತೂ ಹತ್ತಿರದಿಂದ ನೋಡಬೇಕು. ಅಗಲ ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ಸೂಜಿಮೊನೆಯಷ್ಟು ತೂತು ಮಾಡಿ, ಹತ್ತಿಯ ಎಳೆಯನ್ನೋ ಬಲೆಯ ನೂಲನ್ನೋ ತೂರಿಸುತ್ತದೆ. ಗಂಟು ಹಾಕೋದಿಲ್ಲ. ಆಚೆ ಬಂದ ತುದಿ ಬಿಚ್ಚಿಕೊಂಡು ದಪ್ಪಗಾಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಎಲೆ ಗಿಡದಲ್ಲೇ ಹಸಿರಾಗಿರೋದರಿಂದ ಗೂಡು ಯಾರ ಕಣ್ಣಿಗೂ ಬೀಳೋದಿಲ್ಲ. ಅದಕ್ಕೇ, ಮಾಲಿ ಕತ್ತರಿ ಹಿಡಿಯೋ ಮುಂಚೆ ಗಿಡವನ್ನೊಮ್ಮೆ ನೀನೇ ನೋಡು.

ಪಿಕಳಾರಕ್ಕೆ ಅಷ್ಟು ಗುಟ್ಟು ಗೊತ್ತಿಲ್ಲ. ಬಾಲ್ಕನಿಯ ಕುಂಡದಲ್ಲೇ ಗೂಡು ಕಟ್ಟಿಬಿಡುತ್ತದೆ. ಆಗ ಮೊಬೈಲ್ ಹಿಡಿದು ಹತ್ತಿರ ಹೋಗಬೇಡ. ನೀನು ಎಲ್ಲಿ ಇಣುಕುತ್ತೀಯ ಅಂತ ಕಾಗೆ ನೋಡುತ್ತಿರುತ್ತದೆ. ಮೊಟ್ಟೆಯೊಡೆದ ಮೇಲೆ ಎರಡು ವಾರದೊಳಗೆ ಮರಿಗಳು ಗೂಡು ಬಿಡುತ್ತವೆ. ಪುಕ್ಕ ಬಂದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅಯ್ಯೋ ಪಾಪ ಅಂತ ರಟ್ಟಿನ ಪೆಟ್ಟಿಗೆಗೆ ಹಾಕಬೇಡ. ತಾಯಿ ಅಲ್ಲೇ ಎಲ್ಲೋ ಇರುತ್ತದೆ. ಬೆಕ್ಕನ್ನು ಓಡಿಸು, ಸಾಕು.

ನೀರು ಮಾತ್ರ ಖಂಡಿತ ಇಡು. ಆಳದ ಪಾತ್ರೆ ಬೇಡ, ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರು, ನಡುವೆ ನಿಲ್ಲಲು ಒಂದು ಕಲ್ಲು. ದಿನಾ ಚೆಲ್ಲಿ ಹೊಸ ನೀರು ಹಾಕು, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಹೆಸರು ತಿಳಿಯಬೇಕಾದರೆ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕ ತಗೋ. ಗಿಡ ಇನ್ನೂ ಬೇಕು ಅನ್ನಿಸಿದರೆ ನರ್ಸರಿಯ ಬಣ್ಣಬಣ್ಣದ ಎಲೆಗಿಡಕ್ಕೆ ದುಡ್ಡು ಸುರಿಯಬೇಡ. ಕರಿಬೇವು ಒಂದನ್ನು ಎತ್ತರಕ್ಕೆ ಬೆಳೆಯಲು ಬಿಡು, ಅದರ ಕಪ್ಪು ಹಣ್ಣಿಗೆ ಕೋಗಿಲೆ, ಪಿಕಳಾರ ಎರಡೂ ಬರುತ್ತವೆ. ಮಳೆ ಹಿಡಿದ ಮೇಲೆ ಒಂಟಿ ಎಸಳಿನ ಕೆಂಪು ದಾಸವಾಳದ ಕಡ್ಡಿ ನಾನೇ ತರುತ್ತೇನೆ. ಕಾಂಪೌಂಡ್ ಪಕ್ಕ ಬಿಸಿಲು ಬೀಳೋ ಜಾಗವನ್ನು ಕಾಂಕ್ರೀಟ್ ಹಾಕಿಸದೆ ಹಾಗೇ ಬಿಟ್ಟಿರು.