ಕುಕಿ ಬ್ಯಾನರ್ ಸಾಲದು, ‘ಬೇಡ’ ಬಟನ್ ಕೆಲಸ ಮಾಡಬೇಕು: ಹಾಸನದ ವೆಬ್ ಡೆವಲಪರ್‌ಗೆ ಯಶಸ್ಸಿನ ಸೂತ್ರಗಳು

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. ಭಾರತದ ಕಾಫಿಗೆ ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಸಕಲೇಶಪುರದ ತೋಟಗಳು ನಮ್ಮ ಜಿಲ್ಲೆಯಲ್ಲೇ ಇವೆ. ಹೋಮ್‌ಸ್ಟೇ, ಟ್ರಾವೆಲ್ಸ್, ಕಾಫಿ ರಫ್ತು ಎಲ್ಲದಕ್ಕೂ ವೆಬ್‌ಸೈಟ್ ಬೇಕು. ಅದನ್ನು ಬೆಂಗಳೂರಿನವರೇ ಯಾಕೆ ಮಾಡಬೇಕು? ಹೊಳೆನರಸೀಪುರದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡಿರುವ ನೀವೇ ಮಾಡಿ. ಆದರೆ ಗಿರಾಕಿಗಳು ಯುರೋಪಿನವರಾದರೆ ಕುಕಿ, ಖಾಸಗಿತನದ ಬಗ್ಗೆ ಅಲ್ಲಿನ ಕಾನೂನೂ ಗೊತ್ತಿರಬೇಕು. ‘ಅರಕಲಗೂಡಿನಲ್ಲಿ ಕೂತವನಿಗೆ ಯುರೋಪಿನ ಕಾನೂನು ಯಾಕೆ’ ಅನ್ನುವ ಅನುಮಾನ ಬರೀ ಅಭ್ಯಾಸಬಲ. ಇವತ್ತೇ ಬಿಡಿ.

1. ಕಾನೂನು ಯಾರಿಗೆ ತಗಲುತ್ತೆ, ಮೊದಲು ತಿಳಿಯಿರಿ.
2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಯುರೋಪಿನ ಹೊರಗಿನ ಕಂಪನಿಗಳನ್ನೂ ಬಿಡುವುದಿಲ್ಲ. ಸೈಟ್ ಯುರೋಪಿನಲ್ಲಿ ಓಪನ್ ಆಗುತ್ತೆ ಅಂದ ಮಾತ್ರಕ್ಕೆ ತಗಲುವುದಿಲ್ಲ. ರೂಮಿನ ರೇಟ್ ಯೂರೋದಲ್ಲಿ ಹಾಕಿದ್ದೀರಾ? ಜರ್ಮನ್ ಭಾಷೆಯ ಪುಟ ಇದೆಯಾ? ಅಲ್ಲಿನವರಿಗೆ ಜಾಹೀರಾತು ಬಿಡುತ್ತಿದ್ದೀರಾ? ಅವರ ಓಡಾಟವನ್ನು ಟ್ರ್ಯಾಕ್ ಮಾಡುತ್ತಿದ್ದೀರಾ? ಹಾಗಿದ್ದರೆ ತಗಲುತ್ತೆ ಅಂತಲೇ ಇಟ್ಟುಕೊಳ್ಳಿ. ಕುಕಿಯ ಮೂಲ ನಿಯಮ ಇನ್ನೂ ಹಳೆಯದು: 2002ರ ಇ-ಪ್ರೈವೆಸಿ ನಿರ್ದೇಶನ, 2009ರಲ್ಲಿ ಬಿಗಿಯಾಯಿತು.

2. ನಿಮ್ಮ ಸೈಟ್‌ಗೆ ನೀವೇ ಇನ್‌ಸ್ಪೆಕ್ಟರ್ ಆಗಿ.
ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋ ವಿಂಡೋ ತೆರೆಯಿರಿ. ಸೈಟ್ ಲೋಡ್ ಮಾಡಿ, ಏನನ್ನೂ ಒತ್ತಬೇಡಿ. ಎಫ್12 ಒತ್ತಿ, ಅಪ್ಲಿಕೇಶನ್ ಟ್ಯಾಬ್‌ಗೆ ಹೋಗಿ, ಕುಕೀಸ್ ನೋಡಿ. ಅಂಡರ್‌ಸ್ಕೋರ್ ಹಾಕಿಕೊಂಡ ‘ಜಿಎ’ ಕಂಡರೆ ಗೂಗಲ್ ಅನಾಲಿಟಿಕ್ಸ್ ಬಂದು ಕೂತಿದೆ. ‘ಎಫ್‌ಬಿಪಿ’ ಕಂಡರೆ ಮೆಟಾ ಪಿಕ್ಸೆಲ್. ಕೆಳಗಡೆ ಬ್ಯಾನರ್ ಇನ್ನೂ ‘ಒಪ್ಪಿಗೆಯೇ?’ ಅಂತ ಕೇಳುತ್ತಲೇ ಇರುತ್ತೆ! ಮನೆಯೊಳಗೆ ಬಂದು ಕಾಫಿ ಕುಡಿದು ‘ಬರಬಹುದಾ’ ಅಂತ ಕೇಳಿದ ಹಾಗೆ. ಈಗ ‘ಬೇಡ’ ಒತ್ತಿ, ನಾಲ್ಕು ಪುಟ ಓಡಾಡಿ, ಪಟ್ಟಿಯನ್ನು ಮತ್ತೆ ನೋಡಿ. ಕೆಲವು ಬ್ಯಾನರ್‌ಗಳು ದೇಶ ನೋಡಿ ಬೇರೆಬೇರೆ ಥರ ವರ್ತಿಸುತ್ತವೆ. ಆದ್ದರಿಂದ ವಿಪಿಎನ್‌ನಲ್ಲಿ ಜರ್ಮನಿ ಆರಿಸಿ ಇನ್ನೊಮ್ಮೆ ಪರೀಕ್ಷಿಸಿ. ಸ್ಕ್ರೀನ್‌ಶಾಟ್ ತೆಗೆದಿಡಿ, ಮುಂದೆ ದುಡ್ಡಾಗುತ್ತೆ.

3. ಮೊದಲು ತಡೆಯಿರಿ, ಆಮೇಲೆ ಕೇಳಿ.
ಪ್ಲಗಿನ್ ಇನ್‌ಸ್ಟಾಲ್ ಮಾಡಿ ‘ಆಯ್ತು ಸರ್’ ಅನ್ನುವುದು ಡೆವಲಪರ್ ಕೆಲಸವಲ್ಲ, ಅಲಂಕಾರ. ಟ್ರ್ಯಾಕಿಂಗ್ ಸ್ಕ್ರಿಪ್ಟ್‌ನ ಟೈಪ್ ಅನ್ನು ‘ಟೆಕ್ಸ್ಟ್/ಪ್ಲೇನ್’ ಮಾಡಿಡಿ. ಆಗ ಬ್ರೌಸರ್ ಅದನ್ನು ಓಡಿಸುವುದಿಲ್ಲ. ಒಪ್ಪಿಗೆ ಬಂದ ಮೇಲಷ್ಟೇ ಚಾಲೂ ಮಾಡಿ. ಲಾಗಿನ್, ಶಾಪಿಂಗ್ ಕಾರ್ಟ್‌ನಂಥ ಅತ್ಯಗತ್ಯ ಕುಕಿಗಳಿಗೆ ಒಪ್ಪಿಗೆ ಬೇಕಿಲ್ಲ. ಅನಾಲಿಟಿಕ್ಸ್ ಅತ್ಯಗತ್ಯ ಅಂತ ಕ್ಲೈಂಟ್ ವಾದಿಸುತ್ತಾರೆ. ಮಣಿಯಬೇಡಿ.

4. ‘ಬೇಡ’ವನ್ನು ಬಚ್ಚಿಡಬೇಡಿ.
‘ಒಪ್ಪುತ್ತೇನೆ’ ದೊಡ್ಡ ಹಸಿರು ಬಟನ್, ‘ನಿರಾಕರಿಸಿ’ ಮೂರು ಪುಟ ಒಳಗೆ. ಈ ಚಾಲಾಕಿತನಕ್ಕೆ ಫ್ರಾನ್ಸಿನ ನಿಯಂತ್ರಕ ಸಂಸ್ಥೆ ಸಿಎನ್‌ಐಎಲ್ 2022ರ ಜನವರಿಯಲ್ಲಿ ಪ್ರಕಟಿಸಿದ ದಂಡ: ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ. ಹೋಮ್‌ಸ್ಟೇಗೆ ಅಷ್ಟು ದಂಡ ಯಾರೂ ಹಾಕಲ್ಲ, ನಿಜ. ಆದರೆ ಎರಡೂ ಬಟನ್ ಅಕ್ಕಪಕ್ಕ, ಒಂದೇ ಅಳತೆಯಲ್ಲಿ ಇಡಲು ಒಂದು ರೂಪಾಯಿಯೂ ಹೆಚ್ಚು ಖರ್ಚಾಗುವುದಿಲ್ಲ.

5. ಟಿಕ್ ಮೊದಲೇ ಹಾಕಬೇಡಿ.
ಮೊದಲೇ ಟಿಕ್ ಮಾಡಿಟ್ಟ ಬಾಕ್ಸ್ ಒಪ್ಪಿಗೆಯಲ್ಲ ಅಂತ ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ‘ಪ್ಲಾನೆಟ್49’ ಪ್ರಕರಣದಲ್ಲಿ ಹೇಳಿದೆ. ಸ್ಕ್ರಾಲ್ ಮಾಡಿದರೂ ಒಪ್ಪಿದಂತಲ್ಲ.

6. ಕುಕಿಗಳನ್ನೇ ಕಿತ್ತುಹಾಕಿ.
ಇದು ನನ್ನ ಮೆಚ್ಚಿನ ಸೂತ್ರ. ಐದು ರೂಮಿನ ಹೋಮ್‌ಸ್ಟೇಗೆ ಮೆಟಾ ಪಿಕ್ಸೆಲ್ ಯಾಕೆ? ಎಷ್ಟು ಜನ ಬಂದರು ಅಂತ ತಿಳಿಯಲು ಸರ್ವರ್ ಲಾಗ್ ಸಾಕು. ಯೂಟ್ಯೂಬ್ ವಿಡಿಯೋ ಬದಲು ಅದರ ಫೋಟೋ ನಿಮ್ಮ ಸರ್ವರ್‌ನಲ್ಲೇ ಇಡಿ, ಒತ್ತಿದಾಗ ಮಾತ್ರ ವಿಡಿಯೋ ಬರಲಿ. ಗೂಗಲ್ ಮ್ಯಾಪ್‌ಗೂ ಅದೇ ಉಪಾಯ. ಫಾಂಟ್‌ಗಳನ್ನೂ ನಿಮ್ಮಲ್ಲೇ ಇಟ್ಟುಕೊಳ್ಳಿ: ಅವು ಕುಕಿಯಲ್ಲದಿದ್ದರೂ, ಗೂಗಲ್ ಸರ್ವರ್‌ನಿಂದ ಫಾಂಟ್ ಎಳೆದು ಓದುಗನ ಐಪಿ ವಿಳಾಸ ಬಿಟ್ಟುಕೊಟ್ಟ ಸೈಟ್‌ಗೆ ಮ್ಯೂನಿಕ್ ಕೋರ್ಟ್ 2022ರ ಜನವರಿಯಲ್ಲಿ 100 ಯೂರೋ ಪರಿಹಾರ ಕಟ್ಟಿಸಿತು. ಅತ್ಯಗತ್ಯದವು ಮಾತ್ರ ಉಳಿದರೆ ಒಪ್ಪಿಗೆಯ ಬ್ಯಾನರೇ ಬೇಕಿಲ್ಲ. ಸೈಟೂ ಬೇಗ ತೆರೆಯುತ್ತೆ. ಘಾಟಿಯ ನೆಟ್‌ವರ್ಕ್‌ನಲ್ಲಿ ಅದೇ ದೊಡ್ಡ ಉಪಕಾರ.

7. ವಾಪಸ್ ಪಡೆಯುವ ದಾರಿ ಕೊಡಿ.
ಪ್ರತಿ ಪುಟದ ಅಡಿಯಲ್ಲಿ ‘ಕುಕಿ ಸೆಟ್ಟಿಂಗ್ಸ್’ ಲಿಂಕ್ ಇರಲಿ. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ಹಿಂಪಡೆಯಲು ಸಾಧ್ಯವಿರಬೇಕು ಅನ್ನುವುದು ನಿಯಮ. ಯಾವಾಗ, ಯಾವುದಕ್ಕೆ ಒಪ್ಪಿದರು ಅನ್ನುವ ದಾಖಲೆ ಇಡಿ.

8. ಕನ್ನಡದ ನೋಟಿಸ್ ಬರೆಯಲು ಈಗಲೇ ಕಲಿಯಿರಿ.
ಭಾರತದ್ದೇ ಆದ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ) ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಗೆ ಅರ್ಥವಾಗುವ ನಾಲ್ಕು ಸಾಲು ಬರೆಯಬಲ್ಲ ಡೆವಲಪರ್‌ಗೆ ಕೆಲಸ ಕಾದಿದೆ. ಇಂಗ್ಲಿಷ್ ಪಾಲಿಸಿಯನ್ನು ಮಷೀನ್‌ಗೆ ಕೊಟ್ಟು ಅನುವಾದಿಸಿ ಅಂಟಿಸಬೇಡಿ, ಓದಿದವರು ನಗುತ್ತಾರೆ.

9. ದುಡ್ಡು ಕೇಳಿ.
ಕೊಟೇಶನ್‌ನಲ್ಲಿ ‘ಕುಕಿ ಆಡಿಟ್’ ಅಂತ ಪ್ರತ್ಯೇಕ ಸಾಲು ಹಾಕಿ. ‘ಫ್ರೀಯಾಗಿ ಮಾಡಿಕೊಡ್ತೀನಿ ಸರ್’ ಅನ್ನುವ ಸಂಕೋಚ ಬಿಡಿ. ಎರಡನೇ ಸೂತ್ರದ ಸ್ಕ್ರೀನ್‌ಶಾಟನ್ನು ಕ್ಲೈಂಟ್ ಮುಂದಿಡಿ: ಮುಂಚೆ ಇಷ್ಟು ಕುಕಿ, ಈಗ ಇಷ್ಟು. ಹೊಸ ಪ್ಲಗಿನ್ ಹಾಕಿದಾಗಲೆಲ್ಲ ಹೊಸ ಕುಕಿ ನುಸುಳಬಹುದು. ಆದ್ದರಿಂದ ಆರು ತಿಂಗಳಿಗೊಮ್ಮೆ ಮರುಪರೀಕ್ಷೆಗೂ ಈಗಲೇ ರೇಟ್ ಬರೆದುಬಿಡಿ.